ಚಿತ್ರದಲ್ಲಿ ಕಾಣದವರು ಯಾರು?



ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಏನೇನು ಕಾಣುತ್ತದೆ? ಹೊಲ, ಗುಡ್ಡ, ಗುಡ್ಡದ ಮೇಲಿನ ಗಾಳಿಯಂತ್ರ. ಊರು ಹತ್ತಿರವಾದಂತೆ ಇವೆಲ್ಲ ಮರೆಯಾಗಿ ದೊಡ್ಡ ದೊಡ್ಡ ಬೋರ್ಡುಗಳು ಶುರುವಾಗುತ್ತವೆ. ಅವುಗಳಲ್ಲಿ ಒಂದನ್ನು ನೀವೆಲ್ಲರೂ ನೋಡಿಯೇ ಇರುತ್ತೀರಿ. ಒಬ್ಬ ಮದುಮಗಳು. ಬೈತಲೆಬೊಟ್ಟು, ಜುಮುಕಿ, ನೆಕ್ಲೇಸು, ಉದ್ದನೆಯ ಸರ, ವಂಕಿ, ಡಾಬು, ಕೈತುಂಬ ಬಳೆ. ಮುಖದ ತುಂಬ ನಗು. ಪಕ್ಕದಲ್ಲಿ ಮಾತ್ರ ಯಾರೂ ಇಲ್ಲ.

ಇನ್ನೂ ಸ್ವಲ್ಪ ಮುಂದೆ ಹೋದರೆ ಇನ್ನೊಂದು ಬೋರ್ಡು. ನಿಮ್ಮ ಚಿನ್ನಕ್ಕೆ ಕೂಡಲೇ ಸಾಲ ಕೊಡುತ್ತೇವೆ ಎನ್ನುತ್ತದೆ ಅದು. ಮೊದಲ ಬೋರ್ಡು ಕೊಳ್ಳಿಸುತ್ತದೆ, ಎರಡನೆಯದು ಅಡ ಇಡಿಸುತ್ತದೆ. ನಮ್ಮಲ್ಲಿ ಎಷ್ಟೋ ಜನರ ಬದುಕು ಈ ಎರಡು ಬೋರ್ಡುಗಳ ನಡುವೆಯೇ ಸವೆದು ಹೋಗಿದೆ.

"ಚಿತ್ರ ತಾನೇ? ನೋಡಿದರೆ ಏನಾಗುತ್ತದೆ?" ಎಂದು ಕೇಳುವವರಿದ್ದಾರೆ. ಏನೂ ಆಗುವುದಿಲ್ಲ ಎಂದಾದರೆ ವ್ಯಾಪಾರಿ ಅಷ್ಟು ಹಣ ಸುರಿದು ಅದನ್ನು ಯಾಕೆ ನಿಲ್ಲಿಸುತ್ತಾನೆ? ಚಿತ್ರ ಕೆಲಸ ಮಾಡುತ್ತದೆ. ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನಾವು ತಿಳಿಯಬೇಕು.

ಮೊದಲನೆಯದು ಜೋಡಿಸುವ ಕೆಲಸ. ಹುಡುಗಿಯ ನಗುವನ್ನೂ ಚಿನ್ನವನ್ನೂ ಒಟ್ಟಿಗೆ ತೋರಿಸುತ್ತಾರೆ. ಹತ್ತು ಸಲ, ನೂರು ಸಲ ಒಟ್ಟಿಗೆ ಕಂಡ ಮೇಲೆ ಚಿನ್ನವಿಲ್ಲದ ನಗು ನಮ್ಮ ಕಣ್ಣಿಗೆ ಅರ್ಧ ಅನ್ನಿಸತೊಡಗುತ್ತದೆ. ಎರಡನೆಯದು ಎತ್ತರ. ಗುಡಿಯಲ್ಲಿ ದೇವಿಯನ್ನು ನೋಡುವಂತೆ ಆ ಬೋರ್ಡನ್ನು ಕತ್ತೆತ್ತಿ ನೋಡುತ್ತೇವೆ. ಮೂರನೆಯದು ಸಮಯ. ಮದುವೆಯ ಲಗ್ನಗಳು ಕೂಡಿ ಬರುವ ಹೊತ್ತಿಗೆ, ಅಕ್ಷಯ ತದಿಗೆ ಹತ್ತಿರವಾಗುವ ಹೊತ್ತಿಗೆ ಬೋರ್ಡು ಹೊಸದಾಗುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಯಾರನ್ನು ಚಿತ್ರದ ಹೊರಗೆ ಬಿಟ್ಟಿದ್ದಾರೆ ಎಂಬುದು.

ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಸಂಘದ ಸಭೆಯಲ್ಲಿ ನಾವು ಗೋಡೆಯ ಮೇಲಿದ್ದ ಆಭರಣದಂಗಡಿಯ ಕ್ಯಾಲೆಂಡರನ್ನು ಇಳಿಸಿ ನಡುವೆ ಇಟ್ಟು ಕೂತೆವು. ಪುಕ್ಕಟೆ ಬಂದದ್ದು ಎಂದು ವರ್ಷವಿಡೀ ಮನೆಯಲ್ಲಿ ನೇತು ಹಾಕುವ ಕ್ಯಾಲೆಂಡರಿಗಿಂತ ಗಟ್ಟಿಯಾದ ಜಾಹೀರಾತು ಬೇರೆ ಇಲ್ಲ, ಯಾಕೆಂದರೆ ಅದನ್ನು ಯಾರೂ ಜಾಹೀರಾತು ಎಂದು ನೋಡುವುದೇ ಇಲ್ಲ. "ಈ ಚಿತ್ರದಲ್ಲಿ ಯಾರು ಯಾರಿದ್ದಾರೆ?" ಎಂದು ಕೇಳಿದೆ. ಮದುಮಗಳು ಎಂದರು. ಸ್ವಲ್ಪ ಹೊತ್ತು ಬಿಟ್ಟು ಒಬ್ಬ ಅಜ್ಜಿ ಕೇಳಿದರು: "ಇವಳಪ್ಪ ಎಲ್ಲವ್ನೆ?" ಇನ್ನೊಬ್ಬಳು ಥಟ್ಟನೆ, "ಬ್ಯಾಂಕ್ನಾಗೆ ಸಾಲಕ್ಕೆ ನಿಂತವ್ನೆ ಬಿಡು" ಅಂದಳು. ಎಲ್ಲರೂ ನಕ್ಕೆವು. ಆಮೇಲೆ ಯಾರೂ ನಗಲಿಲ್ಲ. ಆ ಸಾಲಿನಲ್ಲಿ ನಿಂತಿದ್ದ ಅಪ್ಪಂದಿರ ಹೆಣ್ಣುಮಕ್ಕಳೇ ಅಲ್ಲಿ ಕೂತಿದ್ದರು.

ಆ ಅಜ್ಜಿ ಕೇಳಿದ ಪ್ರಶ್ನೆಯನ್ನೇ ಎಲ್ಲ ಚಿತ್ರಗಳಿಗೂ ಕೇಳಬೇಕು. ಚಿನ್ನ ಇದೆ, ತಂದವನಿಲ್ಲ. ಮದುಮಗಳಿದ್ದಾಳೆ, "ಎಷ್ಟು ಹಾಕ್ತೀರಿ?" ಎಂದು ಕೇಳಿದವನಿಲ್ಲ. ಒಬ್ಬಳನ್ನೇ ನಿಲ್ಲಿಸಿದರೆ ಅದು ಅವಳದೇ ಆಸೆ, ಅವಳದೇ ಶೋಕಿ ಎಂದಾಗುತ್ತದೆ. ಕೇಳಿದವರು ತಪ್ಪಿಸಿಕೊಳ್ಳುತ್ತಾರೆ.

ಕಾನೂನು ಇಲ್ಲವೇ? ಇದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಗೆ 1986ರಲ್ಲಿ 4ಎ ಎಂಬ ಕಲಮು ಸೇರಿತು. ಮದುವೆಗೆ ಪ್ರತಿಯಾಗಿ ಹಣವನ್ನೋ ಆಸ್ತಿಯ ಪಾಲನ್ನೋ ಕೊಡುತ್ತೇವೆ ಎಂದು ಜಾಹೀರಾತು ಕೊಟ್ಟವರಿಗೂ ಅದನ್ನು ಅಚ್ಚು ಹಾಕಿದವರಿಗೂ 6 ತಿಂಗಳಿಂದ 5 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿಯವರೆಗೆ ದಂಡ ಎಂದು ಅದು ಹೇಳುತ್ತದೆ. ವರದಕ್ಷಿಣೆ, ಬಾಲ್ಯವಿವಾಹದಂಥ ಪಿಡುಗುಗಳನ್ನು ಬಳಸಿಕೊಳ್ಳುವ ಜಾಹೀರಾತು ಕೇಬಲ್ ಟಿವಿಯಲ್ಲಿ ಬರಕೂಡದು ಎಂದು 1994ರ ನಿಯಮಗಳಲ್ಲಿದೆ. ಆದರೆ ಈ ಬೋರ್ಡು ಸಿಕ್ಕಿಬೀಳುವುದಿಲ್ಲ. ಅದು ವರದಕ್ಷಿಣೆ ಎಂಬ ಮಾತನ್ನು ಎಲ್ಲಿ ಆಡಿದೆ? ಬಾಯಿ ಬಿಟ್ಟು ಏನನ್ನೂ ಕೇಳುವುದಿಲ್ಲ, ತೋರಿಸುತ್ತದೆ ಅಷ್ಟೆ.

ಇದು ನಮಗೆ ಗೊತ್ತಿರುವ ಭಾಷೆಯೇ ಅಲ್ಲವೇ? ಗಂಡಿನ ಕಡೆಯವರು ಬಂದು ಕಾಫಿ ಕುಡಿದು, "ನಾವೇನೂ ಕೇಳೋದಿಲ್ಲಪ್ಪ, ನಿಮ್ಮ ಮಗಳಿಗೆ ನೀವೇನು ಹಾಕ್ತೀರೋ ಹಾಕಿ" ಎನ್ನುವುದಿಲ್ಲವೇ? ಬೋರ್ಡು ಊರಿಗೆಲ್ಲ ಅದನ್ನೇ ಹೇಳುತ್ತಿದೆ. ಬೀಗರು ಹಾಕುವ ಲೆಕ್ಕಕ್ಕೆ ಅಳತೆಗೋಲನ್ನು ಅದು ಮೊದಲೇ ನೆಟ್ಟಿರುತ್ತದೆ.

ಇನ್ನೊಂದು ಬಗೆಯ ಚಿತ್ರ ಉಂಟು. ಉಳಿತಾಯದ, ವಿಮೆಯ ಪೋಸ್ಟರು. ಒಂದು ಕಡೆ ಪುಸ್ತಕ ಹಿಡಿದ ಹುಡುಗ, ಇನ್ನೊಂದು ಕಡೆ ಮದುವೆ ಸೀರೆ ಉಟ್ಟ ಹುಡುಗಿ. ಮಗನ ಓದಿಗೆ, ಮಗಳ ಮದುವೆಗೆ! ವರ್ಷಾನುವರ್ಷ ಇದನ್ನೇ ನೋಡಿ ನೋಡಿ ನಮಗೂ ಸರಿಯೆನ್ನಿಸಿಬಿಟ್ಟಿದೆ. 2015ರಲ್ಲಿ ಶುರುವಾದ ಸುಕನ್ಯಾ ಸಮೃದ್ಧಿ ಯೋಜನೆ ಹೆಣ್ಣುಮಕ್ಕಳ ಓದಿಗೂ ನೆರವಾಗುತ್ತದೆ, ಒಳ್ಳೆಯದೇ. ಆದರೆ ಅದರ ಉದ್ದೇಶದಲ್ಲಿ ಓದಿನ ಪಕ್ಕದಲ್ಲೇ ಮದುವೆಯ ಖರ್ಚೂ ಕೂತಿದೆ. ಗಂಡುಮಗನ ಮದುವೆ ಖರ್ಚಿಗೆಂದು ಇಂಥ ಯೋಜನೆ ಯಾವ ಪೋಸ್ಟರಿನಲ್ಲಾದರೂ ಕಂಡಿದೆಯೇ? ಹೆಣ್ಣು ಹುಟ್ಟಿದರೆ ಖರ್ಚು ಎಂಬ ಈ ಲೆಕ್ಕವೇ ಬೆಳೆದು, ಈಗ ನೂರಾರು ರೂಪಾಯಿ ಕೊಟ್ಟು ಪರೀಕ್ಷೆ ಮಾಡಿಸಿ ಮುಂದೆ ಸಾವಿರಾರು ಉಳಿಸಿ ಎಂದು 1980ರ ದಶಕದಲ್ಲಿ ಭ್ರೂಣಲಿಂಗ ಪತ್ತೆಯ ದವಾಖಾನೆಗಳು ಉತ್ತರ ಭಾರತದಲ್ಲಿ ರಾಜಾರೋಷವಾಗಿ ಪ್ರಚಾರ ಮಾಡಿದವು. ಅದನ್ನು ನಿಷೇಧಿಸಲು 1994ರಲ್ಲಿ ಕಾಯಿದೆಯೇ ಬರಬೇಕಾಯಿತು.

ಈಗ ನಮ್ಮ ಸಂಘದ ಪುಸ್ತಕ ತೆಗೆಯೋಣ. 2000ದಲ್ಲಿ ಸ್ತ್ರೀಶಕ್ತಿ ಶುರುವಾದ ಮೇಲೆ ವಾರವಾರ ಹತ್ತು, ಇಪ್ಪತ್ತು ರೂಪಾಯಿ ಕೂಡಿಟ್ಟು ಬೆಳೆಸಿದ ಸಂಘಗಳು ಇವು. 'ಸಾಲದ ಉದ್ದೇಶ' ಎಂಬ ಕಡೆ ಬೆರಳಿಟ್ಟು ಓದಿ. ಹಸು, ಹೊಲಿಗೆ ಯಂತ್ರ, ಅಂಗಡಿ, ಶಾಲೆಯ ಫೀಸು. ನಡುವೆ ಎಷ್ಟು ಕಡೆ 'ಮಗಳ ಮದುವೆ' ಎಂದಿದೆ? 'ಮನೆ ರಿಪೇರಿ' ಎಂದು ಬರೆಸಿ ಬಳೆ ಮಾಡಿಸಿದ್ದು ಎಷ್ಟು? ನಮ್ಮ ಬೆವರಿನ ದುಡ್ಡು ಆ ಬೋರ್ಡಿನ ಅಂಗಡಿಗೆ ಹೋಗಿ, ಅಲ್ಲಿಂದ ಬೀಗರ ಮನೆಗೆ ಹೋಗಿ, ಆರೇ ತಿಂಗಳಲ್ಲಿ ಅಳಿಯನ ಹೆಸರಲ್ಲಿ ಅಡವಾಗಿ ಕೂತಿದೆ. ಕಂತು ಕಟ್ಟುತ್ತಿರುವುದು ತಾಯಿ.

ಚಿನ್ನದ ಆಸೆಯೇ ತಪ್ಪು ಎಂದು ನಾನು ಹೇಳುವುದಿಲ್ಲ. ಹೆಣ್ಣಿನ ಕೈಯಲ್ಲೇ ಇರುವ, ಅವಳೇ ಬೇಕೆಂದಾಗ ಮಾರಬಹುದಾದ ಚಿನ್ನ ಅವಳ ಆಸರೆ. ಬೀರುವಿನ ಬೀಗದಕೈ ಯಾರ ಸೊಂಟದಲ್ಲಿದೆ ಎಂಬುದನ್ನು ಕೇಳಿ. ಚಿತ್ರ ಅದನ್ನು ತೋರಿಸುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತೆ. ನಮ್ಮದೇ ಪೋಸ್ಟರುಗಳನ್ನೂ ನೋಡಬೇಕು. ವರದಕ್ಷಿಣೆ ವಿರೋಧಿ ಪೋಸ್ಟರು ಎಂದರೆ ಏನು ಬರೆಯುತ್ತೇವೆ? ಬೆಂಕಿಯ ನಾಲಿಗೆ, ಸೀಮೆಎಣ್ಣೆ ಡಬ್ಬ, ಒಡೆದ ಬಳೆ, ತಲೆ ತಗ್ಗಿಸಿ ಅಳುವ ಹೆಣ್ಣು. ಅಲ್ಲೂ ಅವಳೊಬ್ಬಳೇ! ಹಚ್ಚಿದವನು ಎಲ್ಲಿ? ಕೇಳಿದ ಅತ್ತೆ ಮಾವ ಎಲ್ಲಿ? ಹೂಂಗುಟ್ಟಿದ ಹಿರಿಯರು ಎಲ್ಲಿ? ಆಭರಣದಂಗಡಿಯ ಚಿತ್ರದಲ್ಲಿ ಒಬ್ಬಳೇ ನಗುತ್ತಾಳೆ, ನಮ್ಮ ಚಿತ್ರದಲ್ಲಿ ಒಬ್ಬಳೇ ಉರಿಯುತ್ತಾಳೆ. ತಪ್ಪು ಮಾಡಿದವರು ಎರಡರಲ್ಲೂ ಇಲ್ಲ. 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು 6,400ಕ್ಕೂ ಹೆಚ್ಚು. ಒಂದೊಂದರ ಹಿಂದೆಯೂ ಕೇಳಿದವರಿದ್ದಾರೆ. ಅವರಿಗೆ ಒಂದು ಮುಖ ಬೇಡವೇ?

ಮುಖವಿರುವ ಚಿತ್ರ ನಮ್ಮ ದುರ್ಗದಲ್ಲೇ ಇದೆ. ಒನಕೆ ಓಬವ್ವನ ಚಿತ್ರ. 1972ರ 'ನಾಗರಹಾವು' ಸಿನಿಮಾದಲ್ಲಿ ಜಯಂತಿ ಓಬವ್ವನಾದ ಮೇಲಂತೂ ಅದು ನಾಡಿನ ಮನಸ್ಸಿನಲ್ಲೇ ಅಚ್ಚಾಗಿದೆ. 2021ರಿಂದ ನವೆಂಬರ್ 11ರಂದು ಸರಕಾರವೇ ಅವಳ ಜಯಂತಿ ಮಾಡುತ್ತಿದೆ. ಆ ಚಿತ್ರವನ್ನು ಸರಿಯಾಗಿ ನೋಡಿ. ಓಬವ್ವ ಇದ್ದಾಳೆ, ಒನಕೆ ಇದೆ, ಕಿಂಡಿ ಇದೆ, ಕಿಂಡಿಯಲ್ಲಿ ನುಸುಳಿ ಬರುವ ವೈರಿಯೂ ಇದ್ದಾನೆ. ಯಾರು ಬಂದರು, ಯಾವ ದಾರಿಯಲ್ಲಿ ಬಂದರು ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಒನಕೆ ಎತ್ತಿ ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಗೆ ವರದಕ್ಷಿಣೆ ಯಾವ ಕಿಂಡಿಯಲ್ಲಿ ನುಸುಳುತ್ತದೆ ಎಂಬುದನ್ನು ಚಿತ್ರದಲ್ಲಿ ತೋರಿಸಿ ಎನ್ನುತ್ತಿದ್ದೇನೆ.

ಚಿತ್ರ ಇಳಿಸಿದ ಉದಾಹರಣೆಯೂ ಇದೆ. ಕಪ್ಪಗಿರುವ ಮಗಳು ಕ್ರೀಮು ಹಚ್ಚಿ ಬೆಳ್ಳಗಾದ ಮೇಲೆ ಕೆಲಸ ಸಿಕ್ಕು ಅಪ್ಪನಿಗೆ ಬೇಕಾದವಳಾಗುವ 'ಫೇರ್ ಅಂಡ್ ಲವ್ಲಿ' ಜಾಹೀರಾತಿನ ವಿರುದ್ಧ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಪಟ್ಟು ಹಿಡಿದು ದೂರು ಕೊಟ್ಟಿತು. 2003ರಲ್ಲಿ ಅದು ಟಿವಿಯಿಂದ ಇಳಿಯಿತು. 2020ರಲ್ಲಿ ಕ್ರೀಮಿನ ಹೆಸರೂ ಬದಲಾಯಿತು. ಬುದ್ಧಿ ಎಷ್ಟು ಬದಲಾಯಿತೋ ಬೇರೆ ಮಾತು. ಹೆಂಗಸರು ಬಾಯಿ ತೆರೆದರೆ ಚಿತ್ರ ಅಲುಗುತ್ತದೆ ಎಂಬುದಂತೂ ಸಾಬೀತಾಯಿತು.

ಆದ್ದರಿಂದ ಮುಂದಿನ ವಾರದ ಸಭೆಗೆ ಒಂದು ಕೆಲಸ. ಪ್ರತಿಯೊಬ್ಬರೂ ಮನೆಯ ಗೋಡೆಯಿಂದ, ಪೇಪರಿನಿಂದ, ಮೊಬೈಲಿನಿಂದ ಒಂದೊಂದು ಚಿತ್ರ ತನ್ನಿ. ಅಕ್ಷರ ಬಾರದವರೂ ಚಿತ್ರ ಓದಬಲ್ಲರು. ಮೂರೇ ಪ್ರಶ್ನೆ ಕೇಳಿ: ಇದರಲ್ಲಿ ಯಾರಿದ್ದಾರೆ? ಯಾರಿಲ್ಲ? ಇದನ್ನು ಹಾಕಿಸಲು ದುಡ್ಡು ಕೊಟ್ಟವರು ಯಾರು? ಆಮೇಲೆ ಸಂಘದ ಪುಸ್ತಕ ತೆರೆದು, ವರದಕ್ಷಿಣೆಯ ಚಿನ್ನಕ್ಕೆ ನಮ್ಮ ದುಡ್ಡಿಲ್ಲ, ಹೆಣ್ಣುಮಕ್ಕಳ ಓದಿಗೆ ಮೊದಲ ಸಾಲ ಎಂದು ಠರಾವು ಬರೆದು ಎಲ್ಲರೂ ಸಹಿ ಮಾಡಿ, ಹೆಬ್ಬೆಟ್ಟು ಒತ್ತಿ.

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಗೋಡೆಗೆ ನಾವು ಮುಂದೆ ಅಂಟಿಸುವ ಪೋಸ್ಟರಿನಲ್ಲಿ ಅಳುವ ಹೆಣ್ಣು ಬೇಡ. ಕಾಫಿ ಲೋಟ ಕೈಯಲ್ಲಿ ಹಿಡಿದು "ನಾವೇನೂ ಕೇಳೋದಿಲ್ಲಪ್ಪ" ಎನ್ನುವ ಬೀಗರು ಇರಲಿ. ಎದುರಿಗೆ ಸಂಘದ ಹತ್ತು ಹೆಂಗಸರು ಎದ್ದು ನಿಂತಿರಲಿ.