ಶೇಕಡ ಎರಡರ ಜಗಳ

ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಎನ್ನಲು ಗಟ್ಟಿ ಪುರಾವೆಯಿಲ್ಲವೆಂದು ಜೊಆನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪರಾಮರ್ಶೆಯನ್ನು ಹಿಡಿದು ಈಗಲೂ ಅಂಕಣಗಳು ಬರುತ್ತಿವೆ. ಒಂದು ಬಣಕ್ಕೆ ಮಾತ್ರೆಗಳೆಲ್ಲ ಮೋಸ. ಇನ್ನೊಂದು ಬಣ ಸೆರೊಟೋನಿನ್ನಿನ ವಕಾಲತ್ತು ಬಿಟ್ಟುಕೊಡದು. ಮಾತ್ರೆಯ ಗುಣವನ್ನು ತೀರ್ಮಾನಿಸಬೇಕಾದದ್ದು ಪ್ಲಾಸಿಬೊ ಎದುರಿನ ಪ್ರಯೋಗಗಳು. ಸಿದ್ಧಾಂತ ಬಿದ್ದ ಮಾತ್ರಕ್ಕೆ ಮಾತ್ರೆ ಬೀಳುವುದಿಲ್ಲ. ನನ್ನ ತಕರಾರು ಬೇರೆ: ಎರಡೂ ಬಣಗಳು ಕಾದಾಡುತ್ತಿರುವುದು ಹೆಚ್ಚೆಂದರೆ ಶೇ 2ರ ಸುತ್ತ. ಸೆರೊಟೋನಿನ್ ತಯಾರಾಗುವುದು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ. ದೇಹ ಒಡೆಯುವ ಟ್ರಿಪ್ಟೊಫ್ಯಾನ್‌ನಲ್ಲಿ ಶೇ 90ಕ್ಕೂ ಹೆಚ್ಚು ಕೈನುರೆನಿನ್ ದಾರಿ ಹಿಡಿಯುತ್ತದೆ. ಸೆರೊಟೋನಿನ್ ಆಗುವುದು ನೂರರಲ್ಲಿ ಒಂದೆರಡು ಪಾಲು, ಅದರಲ್ಲೂ ಬಹುಪಾಲು ಕರುಳಿನಲ್ಲಿ. ಕೈನುರೆನಿನ್ ದಾರಿ ಕೊನೆಗೆ ಮುಟ್ಟುವುದು ಎನ್‌ಎಡಿಯನ್ನು. ಉಂಡದ್ದರಿಂದ ಶಕ್ತಿ ತೆಗೆಯಲು ಜೀವಕೋಶಕ್ಕೆ ಅದಿಲ್ಲದೆ ಆಗದು.

ನಮ್ಮ ಜೋಳದ ಸೀಮೆಯೇ ಇದಕ್ಕೆ ಹಳೆಯ ಸಾಕ್ಷಿ. ಮೆಕ್ಕೆಜೋಳವನ್ನೇ ನೆಚ್ಚಿದವರಿಗೆ ನಯಾಸಿನ್ ಕೊರತೆಯ ರೋಗವಾದ ಪೆಲ್ಲಾಗ್ರ ಬರುವುದು ಗೊತ್ತಿತ್ತು: ಅದರಲ್ಲಿ ಟ್ರಿಪ್ಟೊಫ್ಯಾನ್ ಕಡಿಮೆ, ಎನ್‌ಎಡಿ ಕಟ್ಟಲು ಬೇಕಾದ ನಯಾಸಿನ್ ಇದ್ದರೂ ಮೈಗೆ ಹತ್ತುವುದಿಲ್ಲ. ಜೋಳದಲ್ಲಿ ಆ ದೋಷಗಳು ಅಷ್ಟಿಲ್ಲ. ಆದರೂ ದಖ್ಖನ್ನಿನಲ್ಲಿ ರೊಟ್ಟಿಯೊಂದನ್ನೇ ನಂಬಿದ ಬಡವರು ಬಿಸಿಲು ಬಿದ್ದ ಕುತ್ತಿಗೆ, ಮುಂಗೈಗಳ ಚರ್ಮ ಕಪ್ಪಾಗಿ ಸುಲಿದು, ಮಂಕು ಕವಿದ ಮುಖ ಹೊತ್ತು ಹೈದರಾಬಾದಿನ ಆಸ್ಪತ್ರೆಗಳಿಗೆ ಬರುತ್ತಿದ್ದರು. ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಜೋಳದ ಅತಿಯಾದ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಕಡೆ ಬೆರಳು ತೋರಿದರು, ಅದು ಟ್ರಿಪ್ಟೊಫ್ಯಾನ್ ನಯಾಸಿನ್ ಆಗುವುದಕ್ಕೆ ಅಡ್ಡ ಬರುತ್ತದೆಂಬುದು ವಾದ. ಈ ವಾದ ಎಲ್ಲ ಪ್ರಯೋಗಾಲಯಗಳಲ್ಲೂ ನಿಲ್ಲಲಿಲ್ಲ, ಒಪ್ಪೋಣ. ತಕರಾರಿಲ್ಲದೆ ನಿಂತದ್ದು ಇನ್ನೊಂದು: ನಯಾಸಿನ್ನಿನ ಒಂದು ರೂಪವಾದ ನಿಕೊಟಿನಮೈಡ್ ಕೊಟ್ಟರೆ ಪೆಲ್ಲಾಗ್ರದ ಮಂಕು ದಿನಗಳಲ್ಲೇ ಇಳಿಯುತ್ತದೆ. ಶಕ್ತಿಯ ಕಚ್ಚಾವಸ್ತು ತಪ್ಪಿದರೆ ಮನಸ್ಸೂ ಕುಸಿಯುತ್ತದೆ ಎಂಬುದಕ್ಕೆ ಇನ್ನೆಷ್ಟು ನೇರ ಪುರಾವೆ ಬೇಕು?

ಹೊಟ್ಟೆತುಂಬ ಉಣ್ಣುವವರ ಖಿನ್ನತೆಗೂ ಪೆಲ್ಲಾಗ್ರಕ್ಕೂ ಏನು ಸಂಬಂಧ ಎಂದು ಕೇಳಬಹುದು. ಅಲ್ಲಿ ಕೊರತೆಯಿಲ್ಲ, ದಾರಿ ತಪ್ಪುತ್ತದೆ. ಹೆಪಟೈಟಿಸ್ ಸಿ ರೋಗಿಗಳಿಗೆ ಇಂಟರ್‌ಫೆರಾನ್-ಆಲ್ಫಾ ಚುಚ್ಚುತ್ತಿದ್ದ ಕಾಲದಲ್ಲಿ ಸರಿಸುಮಾರು ನಾಲ್ವರಲ್ಲೊಬ್ಬರು ಖಿನ್ನತೆಗೆ ಜಾರುತ್ತಿದ್ದರು. ಇಂಟರ್‌ಫೆರಾನ್ ಎಬ್ಬಿಸುವ ಉರಿಯೂತ ಐಡಿಒ ಎಂಬ ಕಿಣ್ವವನ್ನು ಕೆರಳಿಸಿ ಟ್ರಿಪ್ಟೊಫ್ಯಾನ್ ಅನ್ನು ಕೈನುರೆನಿನ್ ಕಡೆ ಎಳೆಯುತ್ತದೆ. ಮಿದುಳಿನ ಮೈಕ್ರೋಗ್ಲಿಯಾದಲ್ಲಿ ಅದು ನರಕೋಶಗಳನ್ನು ವಿಪರೀತ ಉದ್ರೇಕಿಸುವ ಕ್ವಿನೊಲಿನಿಕ್ ಆಮ್ಲವಾಗುತ್ತದೆ.

ಹೆಚ್ಚು ತೂಕದ ಆಕ್ಷೇಪ ಇನ್ನೊಂದಿದೆ. ಬಹುತೇಕ ಜೀವಕೋಶಗಳು ಎನ್‌ಎಡಿಯನ್ನು ಹಳೆಯ ನಿಕೊಟಿನಮೈಡ್‌ನಿಂದಲೇ ಮರುತಯಾರಿಸಿಕೊಳ್ಳುತ್ತವೆ. ಟ್ರಿಪ್ಟೊಫ್ಯಾನ್‌ನಿಂದ ಹೊಸದಾಗಿ ಕಟ್ಟುವ ಕೆಲಸ ಹೆಚ್ಚಾಗಿ ಯಕೃತ್ತಿನದು. ಹಾಗಾಗಿ ಎನ್‌ಎಡಿ ಹೆಚ್ಚಿಸುತ್ತೇವೆನ್ನುವ ದುಬಾರಿ ಕ್ಯಾಪ್ಸೂಲುಗಳಿಗೆ ನನ್ನ ವಾದ ಜಾಹೀರಾತಲ್ಲ. ಟ್ರಿಪ್ಟೊಫ್ಯಾನ್ ಮಾತ್ರೆಗಳಿಗಂತೂ ಖಂಡಿತ ಅಲ್ಲ: 1989ರಲ್ಲಿ ಅಮೆರಿಕದಲ್ಲಿ ಕಲ್ಮಶ ಸೇರಿದ ಆ ಮಾತ್ರೆ ನುಂಗಿ 1,500ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಹಲವರು ಸತ್ತರು. ಬೇಕಾದದ್ದು ಉರಿಯೂತ ಇದೆಯೇ ಇಲ್ಲವೇ ಎಂದು ರೋಗಿಗಳನ್ನು ವಿಂಗಡಿಸುವ ಕೆಲಸ. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಉರಿಯೂತ ನಿರೋಧಕವನ್ನು 60 ಖಿನ್ನತೆ ರೋಗಿಗಳ ಮೇಲೆ ಪರೀಕ್ಷಿಸಿದ 2013ರ ಪ್ರಯೋಗ ಒಟ್ಟಾರೆ ಸೋತಿತು. ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಂ ದಾಟಿದವರಲ್ಲಿ ಮಾತ್ರ ಗೆಲುವಿನ ಸೂಚನೆ ಕಂಡಿತು. ಸಿಆರ್‌ಪಿ ನೋಡುವುದು ನಮ್ಮ ಸಾಧಾರಣ ಲ್ಯಾಬುಗಳಿಗೂ ದಿನನಿತ್ಯದ ಕೆಲಸ. ಖಿನ್ನತೆಯ ಔಷಧಿಗಳ ಪ್ರಯೋಗಗಳಿಗೆ ಜನರನ್ನು ಸೇರಿಸಿಕೊಳ್ಳುವಾಗ ಅಷ್ಟನ್ನಾದರೂ ಕಡ್ಡಾಯ ಮಾಡಲು ಅಡ್ಡಿಯೇನು?