ಐರ್ಲೆಂಡಿಗೆ ಹೋದ ಮಕ್ಕಳ ಮೊದಲ ವರುಷ



ಒಂದು ಕಾಲದಲ್ಲಿ ನಮ್ಮ ಬೇಳ, ಕಯ್ಯಾರು, ಮಂಜೇಶ್ವರದ ಮನೆಗಳಿಂದ ದೂರಕ್ಕೆ ಹೊರಟವರೆಂದರೆ ಮೊದಲು ಮುಂಬಯಿಗೆ, ಆಮೇಲೆ ಕುವೈತ್, ದುಬೈ, ಮಸ್ಕತ್‌ಗಳಿಗೆ. ಗಲ್ಫಿಗೆ ಹೋದವರು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು, ಊರಲ್ಲಿ ತಾರಸಿ ಮನೆ ಕಟ್ಟಿಸುತ್ತಿದ್ದರು, ಕೆಲಸ ಮುಗಿದ ಮೇಲೆ ಅದೇ ಮನೆಯ ಜಗಲಿಯಲ್ಲಿ ಬಂದು ಕೂರುತ್ತಿದ್ದರು. ಈಗ ನರ್ಸಿಂಗ್ ಕಲಿತ ನಮ್ಮ ಹೆಣ್ಣುಮಕ್ಕಳು ಐರ್ಲೆಂಡಿಗೆ ಹೋಗುತ್ತಿದ್ದಾರೆ. ಇದು ಬೇರೆ ಬಗೆಯ ಪ್ರಯಾಣ. ಗಂಡ, ಮಕ್ಕಳು ಹಿಂದೆಯೇ ಹೋಗುತ್ತಾರೆ, ಐದು ವರ್ಷ ನೆಲೆಸಿದರೆ ಆ ದೇಶದ ಪೌರತ್ವಕ್ಕೂ ಅರ್ಜಿ ಹಾಕಬಹುದು. 2022ರ ಜನಗಣತಿಯಂತೆ ಅಲ್ಲಿ 45 ಸಾವಿರಕ್ಕೂ ಹೆಚ್ಚು ಭಾರತೀಯ ಪೌರರಿದ್ದರು. ಹೊರಗಿನಿಂದ ಬಂದವರಲ್ಲಿ ಪೋಲೆಂಡ್, ಬ್ರಿಟನ್‌ನವರ ಬಳಿಕ ನಮ್ಮವರೇ.

ಹೋಗುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಈ ಸಲ ನಾವು ಇಳಿಯುವುದಿಲ್ಲ. ಹೋದವರು ಹೋಗಿಯಾಯಿತು. ಅವರ ಮೊದಲ ವರುಷ ಹೇಗಿರುತ್ತದೆ ಎಂಬುದು ಇಲ್ಲಿ ಉಳಿದವರಿಗೆ ಗೊತ್ತಿರಬೇಕು, ಅಷ್ಟೇ. ಏಕೆಂದರೆ ಫೋನಿನಲ್ಲಿ ಎಲ್ಲರೂ "ಚೆನ್ನಾಗಿದ್ದೇವೆ" ಎಂದೇ ಹೇಳುವುದು.

ವಲಸೆ ಎಂದರೇನು ಎಂದು ತಿಳಿದಿರುವ ನಾಡು ಐರ್ಲೆಂಡ್. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಶುರುವಾದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಮಗ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಸಾವಿನ ಮನೆಯಲ್ಲಿ ಜಾಗರಣೆ ಕೂರುವ ಹಾಗೆ ನೆರೆಹೊರೆಯವರೆಲ್ಲ ಸೇರಿ ಬೆಳಗಿನ ತನಕ ಕೂರುತ್ತಿದ್ದರಂತೆ. ಮತ್ತೆ ಮುಖ ಕಾಣುವ ಆಸೆ ಯಾರಿಗೂ ಇರಲಿಲ್ಲ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ಐಲೆಂಡ್ ಕೇಂದ್ರ ತೆರೆದಾಗ ಮೊದಲು ಹೆಸರು ಬರೆಸಿದ್ದು ಆನ್ನಿ ಮೂರ್ ಎಂಬ ಹದಿಹರೆಯದ ಐರಿಷ್ ಹುಡುಗಿ, ಇಬ್ಬರು ತಮ್ಮಂದಿರ ಕೈಹಿಡಿದುಕೊಂಡು ಬಂದವಳು. ಈ ನೆನಪು ಇರುವ ಹಿರಿಯರು ಹೊಸಬರನ್ನು ಕಂಡರೆ ತಾವಾಗಿಯೇ ಮಾತನಾಡಿಸುತ್ತಾರೆ ಎಂದು ನಮ್ಮವರು ಹೇಳುವುದುಂಟು. ಎಲ್ಲರೂ ಹಾಗಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇವೆ.

ಮೊದಲು ಹಣದ ಮಾತು, ಏಕೆಂದರೆ ಮನೆಗಳಲ್ಲಿ ಮನಸ್ತಾಪ ಶುರುವಾಗುವುದು ಅಲ್ಲಿಂದಲೇ. ಯುರೋವಿನ ಸಂಬಳವನ್ನು ರೂಪಾಯಿಗೆ ಗುಣಿಸಿ ನೋಡುವ ಚಟ ನಮ್ಮಲ್ಲಿ ಎಲ್ಲರಿಗೂ ಉಂಟು. ಐಇಎಲ್‌ಟಿಎಸ್ ಅಥವಾ ಒಇಟಿ ಪರೀಕ್ಷೆ ಪಾಸಾಗಿ ಹೋದ ನರ್ಸ್ ಇಳಿದ ಮರುದಿನವೇ ನರ್ಸ್ ಆಗುವುದಿಲ್ಲ. ಅಲ್ಲಿನ ನರ್ಸಿಂಗ್ ಮಂಡಳಿಯಲ್ಲಿ ಹೆಸರು ನೋಂದಣಿಯಾಗುವ ಮೊದಲು ಆಸ್ಪತ್ರೆಯಲ್ಲಿ ಕೆಲವು ವಾರಗಳ ಹೊಂದಾಣಿಕೆ ತರಬೇತಿ ಮುಗಿಸಬೇಕು, ಇಲ್ಲವೇ ಒಂದು ಪರೀಕ್ಷೆ ಬರೆಯಬೇಕು. ಪಿಪಿಎಸ್ ನಂಬರ್ ಎಂಬುದೊಂದು ಸಿಗಬೇಕು. ಅದು ಸಿಕ್ಕಿ ತೆರಿಗೆ ಇಲಾಖೆಯಲ್ಲಿ ಹೆಸರು ದಾಖಲಾಗುವ ತನಕ ಸಂಬಳದಿಂದ 'ತುರ್ತು ತೆರಿಗೆ' ಎಂದು ದೊಡ್ಡ ಪಾಲು ಹಿಡಿಯುತ್ತಾರೆ. ಆಮೇಲೆ ಲೆಕ್ಕ ಸರಿಹೋಗಿ ಹೆಚ್ಚುವರಿ ವಾಪಸು ಬರುತ್ತದೆ ನಿಜ, ಆದರೆ ಮೊದಲ ಸಂಬಳದ ಚೀಟಿ ನೋಡಿ ಅತ್ತವರುಂಟು. ವಾಸದ ಪರವಾನಗಿ ಕಾರ್ಡಿಗೆ ತಲೆಗೆ 300 ಯುರೋ. ಬಾಡಿಗೆ ಮನೆ ಸಿಗುವುದೇ ಒಂದು ದೊಡ್ಡ ಸಾಹಸ. ಸಿಕ್ಕಿದರೆ ಒಂದು ತಿಂಗಳ ಬಾಡಿಗೆ ಮುಂಗಡ, ಇನ್ನೊಂದು ತಿಂಗಳದ್ದು ಠೇವಣಿ. ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ ಎಂದು 2021ರಲ್ಲಿ ಕಾನೂನಾಗಿದೆ. ಇದರ ಮೇಲೆ ಊರಲ್ಲಿ ಮಾಡಿದ ಸಾಲದ ಕಂತು. ಆದುದರಿಂದ ಸ್ಪಷ್ಟವಾಗಿ ಹೇಳುತ್ತೇವೆ: ಮೊದಲ ವರುಷ ಅವರಿಂದ ಹಣ ನಿರೀಕ್ಷಿಸಬೇಡಿ. ತಂಗಿಯ ಮದುವೆ, ಅಂಗಳದ ಇಂಟರ್‌ಲಾಕ್, ಹೊಸ ಕಾರು ಎಲ್ಲ ಒಂದು ವರುಷ ಕಾಯಲಿ.

ಹೊರಡಲಿರುವವರಿಗೆ ಇನ್ನೊಂದು ಮಾತು. ನೇಮಕಾತಿಯ ಖರ್ಚನ್ನು ನೌಕರರ ಸಂಬಳದಿಂದ ಮುರಿದುಕೊಳ್ಳುವುದಾಗಲಿ, ಅವರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಾಗಲಿ ಐರ್ಲೆಂಡಿನ ಕಾನೂನಿನಲ್ಲಿ ಅಪರಾಧ. ಇಲ್ಲಿಯೂ ಏಜೆಂಟರು ಇಷ್ಟೇ ಶುಲ್ಕ ಪಡೆಯಬೇಕೆಂಬ ಮಿತಿ ಉಂಟು, ಅದು ಲಕ್ಷಗಳಲ್ಲಿ ಇಲ್ಲ, ಸಾವಿರಗಳಲ್ಲಿದೆ. ಕಾಸರಗೋಡಿನ ನಾವು ಕೇರಳದವರಾದ ಕಾರಣ ನೋರ್ಕಾ ರೂಟ್ಸ್ ಕಚೇರಿಯಲ್ಲಿ ವಿಚಾರಿಸುವ ಅನುಕೂಲ ಉಂಟು. ಕನ್ನಡದಲ್ಲಿ ಅರ್ಜಿ ಕೊಡಲಾಗುವುದಿಲ್ಲ ಎಂಬ ಕಾರಣಕ್ಕೆ ಆ ಮೆಟ್ಟಿಲು ಹತ್ತದೆ ಏಜೆಂಟನ ಬಾಗಿಲಿಗೆ ಹೋಗುವುದು ನಮಗೆ ಸರಿಯೆನಿಸುವುದಿಲ್ಲ.

ಇನ್ನು ಚಳಿ. ಅಲ್ಲಿ ಹಿಮ ಬೀಳುವುದು ಕಡಿಮೆ. ನಮ್ಮ ಆಟಿ ತಿಂಗಳ ಮಳೆ ನೋಡಿದವರಿಗೆ ಅಲ್ಲಿನ ಮಳೆ ಜೋರೂ ಅಲ್ಲ. ನಿಜವಾದ ಕಷ್ಟ ಕತ್ತಲೆಯದು. ಡಿಸೆಂಬರ್ ನಡುವಿನ ಹೊತ್ತಿಗೆ ಡಬ್ಲಿನ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ, ಮುಳುಗುವುದು ಸಂಜೆ ನಾಲ್ಕಕ್ಕೆ. ಎಂಟರಿಂದ ಎಂಟರ ತನಕ ಹನ್ನೆರಡು ಗಂಟೆಯ ಡ್ಯೂಟಿ ಮಾಡುವವರು ಕತ್ತಲೆಯಲ್ಲಿ ಹೋಗಿ ಕತ್ತಲೆಯಲ್ಲೇ ಬರುತ್ತಾರೆ, ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ನಮ್ಮ ಮೈಬಣ್ಣದವರಿಗೆ ವಿಟಮಿನ್ ಡಿ ತೆಗೆದುಕೊಳ್ಳಲು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಮನಸ್ಸು ಕುಗ್ಗುವುದು, ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು ಮೊದಲ ಚಳಿಗಾಲದಲ್ಲಿ ಅನೇಕರಿಗೆ ಆಗುತ್ತದೆ. "ಅಷ್ಟು ಒಳ್ಳೆಯ ದೇಶಕ್ಕೆ ಹೋಗಿ ಅಳುವುದೆಂಥದ್ದು?" ಎಂದು ಇಲ್ಲಿಂದ ಗದರಿಸುವ ತಾಯಂದಿರಿದ್ದಾರೆ. ದಯವಿಟ್ಟು ಗದರಿಸಬೇಡಿ. ಅಲ್ಲಿ ಜಿಪಿ ಎಂದು ಕರೆಯುವ ಮನೆ ಡಾಕ್ಟರರಲ್ಲಿ ತೋರಿಸಿಕೊಳ್ಳಲು ಹೇಳಿ. ಜೂನ್ ಬಂದಾಗ ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಆಗ ಮಕ್ಕಳನ್ನು ಮಲಗಿಸುವುದೇ ಕಷ್ಟ ಎಂಬ ದೂರು ಬರುತ್ತದೆ!

ಮನೆಯೊಳಗಿನ ಸಣ್ಣಪುಟ್ಟ ಸಂಗತಿಗಳು ಬೇಗ ಕಲಿತುಹೋಗುತ್ತವೆ. ಬಿಸಿನೀರಿಗೆ ಇಮ್ಮರ್ಶನ್ ಸ್ವಿಚ್ ಹಾಕಿ ಆರಿಸಲು ಮರೆತರೆ ಕರೆಂಟು ಬಿಲ್ಲೇ ನೆನಪಿಸುತ್ತದೆ. 'ಗ್ರ್ಯಾಂಡ್' ಎಂದರೆ ಅಲ್ಲಿ ಭರ್ಜರಿ ಎಂದಲ್ಲ, 'ಅಡ್ಡಿಯಿಲ್ಲ' ಎಂದರ್ಥ. ದೊಡ್ಡ ಡಾಕ್ಟರರನ್ನೂ ಹೆಸರು ಹಿಡಿದು ಕರೆಯುತ್ತಾರೆ. 'ಸರ್, ಮೇಡಂ' ಎಂದು ಬೆಳೆದ ನಮ್ಮ ನಾಲಿಗೆಗೆ ಅದು ತಿಂಗಳುಗಟ್ಟಲೆ ತಿರುಗುವುದಿಲ್ಲ. ಊರಿನಿಂದ ಕಟ್ಟಿ ಕಳುಹಿಸುವ ಗಂಟಿನ ಬಗ್ಗೆ ಮಾತ್ರ ಎಚ್ಚರ: ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟಕ್ಕೆ ಒಯ್ಯುವ ಹಾಗಿಲ್ಲ. ಹಂದಿಮಾಂಸದ ಉಪ್ಪಿನಕಾಯಿಯೂ ಇಲ್ಲ, ಮನೆಯ ತುಪ್ಪವೂ ಇಲ್ಲ. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಕರಿಬೇವಿನ ಸೊಪ್ಪಿಗೂ ತಡೆ. ತೆಂಗಿನಕಾಯಿಗೆ ಮಾತ್ರ ವಿನಾಯಿತಿ ಉಂಟು! ಯಾರು ಯೋಚಿಸಿ ಮಾಡಿದರೋ, ನಮ್ಮ ಕಡೆಯವರಿಗೆ ಉಪಕಾರವಾಯಿತು.

ಗಂಡಸರ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಮಗೆ ಕೇಳಿಬರುವ ಸಂಕಟಗಳಲ್ಲಿ ದೊಡ್ಡದು ಅದೇ. ಇಲ್ಲಿ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸಕ್ಕಿದ್ದವರು, ಸ್ವಂತ ಅಂಗಡಿ ಇದ್ದವರು, ಅಡಿಕೆ ತೋಟ ನೋಡಿಕೊಂಡಿದ್ದವರು ಹೆಂಡತಿಯ ವೀಸಾದ ಮೇಲೆ ಹೋಗುತ್ತಾರೆ. ನರ್ಸ್‌ಗಳ ಪರವಾನಗಿಯಲ್ಲಿ ಸಂಗಾತಿಗೂ ಕೆಲಸ ಮಾಡುವ ಹಕ್ಕು 2019ರಿಂದ ಉಂಟು. ಹಕ್ಕು ಉಂಟು, ಹಳೆಯ ಕೆಲಸ ಇಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವುದು, ವೃದ್ಧಾಶ್ರಮದಲ್ಲಿ ಹಿರಿಯರ ಆರೈಕೆ ಮಾಡುವುದು ಹೀಗೆ ಶುರುವಾಗುತ್ತದೆ. ಭಾರತದ ಡ್ರೈವಿಂಗ್ ಲೈಸೆನ್ಸನ್ನು ಅಲ್ಲಿನದ್ದಕ್ಕೆ ಬದಲಾಯಿಸಿ ಕೊಡುವುದಿಲ್ಲ. ಇಪ್ಪತ್ತು ವರ್ಷ ಕಾರು ಓಡಿಸಿದವರೂ ಥಿಯರಿ ಪರೀಕ್ಷೆ ಬರೆದು, ಕಲಿಯುವವರ ಸಾಲಿನಲ್ಲಿ ನಿಲ್ಲಬೇಕು. ಹೆಂಡತಿ ಡ್ಯೂಟಿಗೆ ಹೋದಾಗ ಮಕ್ಕಳ ಊಟ, ಸ್ನಾನ, ಶಾಲೆ ಎಲ್ಲ ಗಂಡನದ್ದೇ. ಇದನ್ನು ನಗುತ್ತಾ ಮಾಡಿದ ಮನೆಗಳು ಬೇಗ ಬೇರುಬಿಟ್ಟಿವೆ. ಊರಿನಿಂದ ಫೋನು ಮಾಡಿ "ಈಗ ಹೆಂಡತಿಯ ಸಂಬಳದಲ್ಲಿ ಕೂತಿದ್ದೀಯಾ?" ಎಂದು ತಮಾಷೆ ಮಾಡುವ ಭಾವಂದಿರು, ಗೆಳೆಯರು ಆ ತಮಾಷೆ ಎಲ್ಲಿ ನಾಟುತ್ತದೆಂದು ಅರಿಯರು. ಅಂಥ ಮಾತಿನ ಬಳಿಕ ಕುಡಿತ ಹೆಚ್ಚಿದ ಮನೆ ನಮಗೆ ಗೊತ್ತು.

ಆರೈಕೆಯ ಕೆಲಸಕ್ಕೆಂದು ಹೋದವರ ಪಾಡು ಇನ್ನೂ ಬೇರೆ. ಅವರ ಪರವಾನಗಿಯಲ್ಲಿ ಕುಟುಂಬವನ್ನು ಕರೆಸಲು ಒಂದು ವರ್ಷ ಕಾಯಬೇಕೆಂಬ ನಿಯಮ, ಮೇಲಿಂದ ಆದಾಯದ ಮಿತಿ. ಸಣ್ಣ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋದ ತಾಯಿಗೆ ಆ ವರ್ಷ ಎಷ್ಟು ಉದ್ದವೆಂದು ನಾವು ಹೇಳಬೇಕಾಗಿಲ್ಲ.

ಮಕ್ಕಳು ದೊಡ್ಡವರಿಗಿಂತ ಬೇಗ ಹೊಂದಿಕೊಳ್ಳುತ್ತಾರೆ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕಥೋಲಿಕ ಧರ್ಮಸಭೆಯ ಆಶ್ರಯದಲ್ಲಿವೆ. ಎರಡನೆಯ ತರಗತಿಯಲ್ಲಿ ಪ್ರಥಮ ಪರಮಪ್ರಸಾದ, ಆರನೆಯದರಲ್ಲಿ ದೃಢೀಕರಣ, ಇದು ಅಲ್ಲಿನ ರೂಢಿ. ನಮ್ಮ ಕ್ರಮಕ್ಕೂ ಅದಕ್ಕೂ ವಯಸ್ಸಿನ ತಾಳೆ ಬೀಳುವುದಿಲ್ಲ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಸೇರುವ ಮಗು ಎರಡರ ನಡುವೆ ಉಳಿದುಬಿಡುತ್ತದೆ. ಹೊರಡುವ ಮೊದಲೇ ಧರ್ಮಕೇಂದ್ರದ ಗುರುಗಳಿಂದ ದೀಕ್ಷಾಸ್ನಾನದ ಪ್ರಮಾಣಪತ್ರ ಪಡೆದುಕೊಂಡು, ಹೋದ ತಿಂಗಳಲ್ಲೇ ಅಲ್ಲಿನ ಗುರುಗಳನ್ನು ಕಂಡರೆ ದಾರಿ ಸಿಗುತ್ತದೆ. ಲಸಿಕೆಯ ಕಾರ್ಡನ್ನೂ ಮರೆಯಬೇಡಿ. ಶಾಲೆಯಲ್ಲಿ ಐರಿಷ್ ಭಾಷೆಯನ್ನೂ ಕಲಿಸುತ್ತಾರೆ. ರಸ್ತೆಯ ಫಲಕಗಳಲ್ಲಿ ಆ ಭಾಷೆ ಇದೆ, ಅಂಗಡಿಯಲ್ಲಿ ಕೇಳುವುದು ಇಂಗ್ಲಿಷ್ ಮಾತ್ರ. 1956ರಿಂದ ಒಂದು ಭಾಷೆಯ ಫಲಕ, ಇನ್ನೊಂದು ಭಾಷೆಯ ಮಾತು ಎಂದು ಬದುಕಿದ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಕ್ಕಿಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಮೂರು ನಾಲಿಗೆ ಇಟ್ಟುಕೊಂಡವರಿಗೆ ನಾಲ್ಕನೆಯದು ದೊಡ್ಡ ಹೊರೆಯಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಕ್ಕಳಿಗೆ ಬೆತ್ತ ಎತ್ತುವ ಅಭ್ಯಾಸ ಇಲ್ಲಿಯೇ ಬಿಟ್ಟು ಹೋಗಿ. ಹೆತ್ತವರು ಬುದ್ಧಿ ಕಲಿಸಲು ಹೊಡೆದದ್ದು ಎಂಬ ಸಮರ್ಥನೆಯನ್ನು ಅಲ್ಲಿನ ಕಾನೂನು 2015ರ ಡಿಸೆಂಬರಿನಿಂದ ಒಪ್ಪುವುದಿಲ್ಲ. ಕಾನೂನಿಲ್ಲದಿದ್ದರೂ ಬಿಡಬೇಕಾದ ಅಭ್ಯಾಸವದು.

ಈಗ ಮೊದಲು ಬಾಕಿ ಉಳಿಸಿದ ವಿಷಯ. 2025ರ ಬೇಸಿಗೆಯಲ್ಲಿ ಡಬ್ಲಿನ್ ಮತ್ತು ಇತರ ಊರುಗಳಲ್ಲಿ ಭಾರತೀಯರ ಮೇಲೆ ಸಾಲುಸಾಲಾಗಿ ಹಲ್ಲೆಗಳಾದವು. ಆಗಸ್ಟ್ ತಿಂಗಳ ಮೊದಲ ದಿನ ನಮ್ಮ ರಾಯಭಾರ ಕಚೇರಿ ಎಚ್ಚರಿಕೆಯ ಸೂಚನೆ ಹೊರಡಿಸಿತು. ಅಂದಿನ ಅಧ್ಯಕ್ಷ ಮೈಕಲ್ ಡಿ. ಹಿಗ್ಗಿನ್ಸ್ ಅವರು ಈ ಹಲ್ಲೆಗಳನ್ನು ಬಹಿರಂಗವಾಗಿ ಖಂಡಿಸಿದರು. ಆದರೂ ಆ ತಿಂಗಳು ಡಬ್ಲಿನ್‌ನಲ್ಲಿ ನಡೆಯಬೇಕಿದ್ದ ಭಾರತ ದಿನದ ಹಬ್ಬವನ್ನು ಮುಂದೂಡಬೇಕಾಯಿತು. ಮಕ್ಕಳು ಇದನ್ನು ಮನೆಗೆ ಹೇಳದೆ ಮುಚ್ಚಿಡುತ್ತಾರೆ, ಅಪ್ಪ ಅಮ್ಮ ಹೆದರಿಯಾರು ಎಂದು. ಕೇಳಿ ತಿಳಿದುಕೊಳ್ಳಿ. ರಾತ್ರಿ ಡ್ಯೂಟಿ ಮುಗಿಸಿ ಬರುವವರು ಜೊತೆ ಮಾಡಿಕೊಂಡು ಬರಲಿ, ಏನಾದರೂ ಆದರೆ ನಾಚಿಕೆಪಡದೆ ಪೊಲೀಸರಿಗೆ ದೂರು ಕೊಡಲಿ. ಅಲ್ಲಿ ಪೊಲೀಸರಿಗೆ ಗಾರ್ಡಾ ಎನ್ನುತ್ತಾರೆ. ತುರ್ತು ನಂಬರ್ ನಮ್ಮಲ್ಲಿರುವ ಹಾಗೆ 112. ಸಾಮಾನ್ಯ ಜನ ಹಾಗಿಲ್ಲ ಎಂಬುದೂ ಸತ್ಯ. ಆ ದಿನಗಳಲ್ಲಿ ಅನೇಕ ಐರಿಷ್ ಜನರು ನಮ್ಮವರ ಪರವಾಗಿ ಬೀದಿಗಿಳಿದರು.

ಕೊನೆಯದಾಗಿ, ಇಲ್ಲಿರುವ ಅಪ್ಪ ಅಮ್ಮಂದಿರ ಫೋನು. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ನಾಲ್ಕೂವರೆ. ನೀವು ಸಂಜೆ ಏಳೂವರೆಗೆ ಜಪಸರ ಮುಗಿಸಿ ಮಗಳ ದನಿ ಕೇಳಲೆಂದು ಫೋನು ಒತ್ತುವಾಗ ಅಲ್ಲಿ ಮಧ್ಯಾಹ್ನ ಎರಡು ಗಂಟೆ. ರಾತ್ರಿಯ ಡ್ಯೂಟಿ ಮುಗಿಸಿದವಳು ಆಗಷ್ಟೇ ಗಾಢ ನಿದ್ದೆಯಲ್ಲಿರುತ್ತಾಳೆ. ಎತ್ತದಿದ್ದರೆ ನಿಮಗೆ ಬೇಸರ, ಎತ್ತಿದರೆ ಅವಳಿಗೆ ಮುಂದಿನ ರಾತ್ರಿ ತೂಕಡಿಕೆ. ಅವಳ ಡ್ಯೂಟಿಯ ಪಟ್ಟಿಯನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಗಲು, ರಾತ್ರಿ, ರಜೆ ಎಂದು ಗುರುತು ಹಾಕಿಡಿ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಲ್ಲಿ ಅವರ ಗಡಿಯಾರ ಒಂದು ಗಂಟೆ ಆಚೀಚೆಯಾಗುತ್ತದೆ, ಅದಕ್ಕೂ ಒಂದು ಗುರುತಿರಲಿ.