ಸಹಿ ಅಪ್ಪಂದು, ಓದಿದ್ದು ಬ್ರೋಕರ್!

ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳಲ್ಲಿ ಇವತ್ತಿಗೂ ಮಾತು ಕನ್ನಡ, ಓದು-ಬರಹ ತಮಿಳು. ಹಿರಿಯರಲ್ಲಿ ಎಷ್ಟೋ ಜನಕ್ಕೆ ಅದೂ ಇಲ್ಲ. ಹಾಗಾಗಿ ಮನೆ ಕಟ್ಟೋಕೆ ಹೊರಟ್ರೆ ಮೊದಲು ಹುಡುಕೋದೇ ಬ್ರೋಕರ್‌ನ. ಓದಿದ ಮಕ್ಕಳು ಮನೇಲಿದ್ದೂ ಯಾಕ್ರೋ ಈ ಗತಿ?

2024ರ ಜುಲೈನಲ್ಲಿ ತಮಿಳುನಾಡು ಸರ್ಕಾರ ಸ್ವಯಂ ದೃಢೀಕರಣ ಯೋಜನೆ ತಂತು. 2,500 ಚದರಡಿವರೆಗಿನ ಸೈಟು, 3,500 ಚದರಡಿವರೆಗಿನ ಮನೆ, ನೆಲಮಹಡಿ ಮೇಲೆ ಒಂದೇ ಮಹಡಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಿದ್ರೆ ಕೂಡಲೇ ಅನುಮತಿ. ಇದನ್ನೇ ಬ್ರೋಕರ್ "ನಾನು ಮಾಡಿಸಿಕೊಟ್ಟೆ" ಅಂತಾನೆ!

ಆದರೆ "ಸ್ವಯಂ" ಅನ್ನೋ ಪದ ಸುಮ್ನೆ ಇಲ್ಲ. ಪಟ್ಟಾ ಸರಿ, ಅಳತೆ ಸರಿ, ಸುತ್ತ ಬಿಡಬೇಕಾದ ಜಾಗ ಬಿಡ್ತೀನಿ ಅಂತ ಒಡೆಯರೇ ಬರೆದುಕೊಡಬೇಕು. ಅದು ಸುಳ್ಳಾದ್ರೆ ಕೈಗೆ ಸಿಕ್ಕಿಬೀಳೋದು ನಿಮ್ಮಪ್ಪ, ಬ್ರೋಕರ್ ಅಲ್ಲ. ಪಟ್ಟಾ ಇನ್ನೂ ತೀರಿಹೋದ ತಾತನ ಹೆಸರಲ್ಲಿದ್ರೆ, ಗಡಿ ತಕರಾರಿದ್ರೆ ಈ ದಾರಿಗೆ ಕೈ ಹಾಕಬೇಡಿ. ಮೊದಲು ಅದನ್ನ ಸರಿಮಾಡಿಕೊಳ್ಳಿ, ಆಮೇಲೆ ಹಳೇ ದಾರೀಲೇ ಹೋಗಿ. ತಡ ಆಗುತ್ತೆ, ಆಗ್ಲಿ. ತಪ್ಪು ಪಾಯ ತೆಗೆಯೋಕೆ ಮುಂಚೆ ಗೊತ್ತಾಗುತ್ತೆ.

ಫಾರಂ ಕನ್ನಡದಲ್ಲಿ ಕೊಡಿ ಅಂತ ಕೂಗಬೇಕಾ? ತಾಳವಾಡಿ, ಹೊಸೂರಲ್ಲಿ ಖಂಡಿತ ಕೂಗಬೇಕು. ಕಂಬಂನಲ್ಲಿ ಕನ್ನಡ ಲಿಪಿ ಓದೋರು ಎಷ್ಟು ಜನ ಇದ್ದಾರೆ ಹೇಳಿ? ಫೈಲು ಸುಮ್ನೆ ಕೂತ್ರೆ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದ್ರೂ ದೂರು ಕೊಡೋ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ, ಅದನ್ನ ಬಳಸಿ.

ಅದಕ್ಕೂ ಮೊದಲು ಇವತ್ತು ರಾತ್ರಿ ಊಟ ಆದ ಮೇಲೆ ಆ ತಮಿಳು ಘೋಷಣಾಪತ್ರ ತೆಗೆದು, ಅಪ್ಪನಿಗೆ ಮನೆ ಕನ್ನಡದಲ್ಲಿ ಸಾಲು ಸಾಲಾಗಿ ಓದಿ ಹೇಳಿ. ಸಹಿ ನಾಳೆ ಹಾಕಲಿ.